ಡಬ್ಬಿ ಮೇಷ್ಟ್ರು

ವಿಜ್ಞಾನದ ಮೇಷ್ಟ್ರನ್ನು ಮಕ್ಕಳು ಡಬ್ಬಿ ಮೇಷ್ಟ್ರು ಎನ್ನುತ್ತಾರೆ. ದಹನದ ಪಾಠ ಬಂತೆಂದರೆ ಅವರು ಫ್ಯಾನ್ ನಿಲ್ಲಿಸಿ, ತೋಳು ಮಡಚಿ, ಜೇಬಿನಿಂದ ಮಾತ್ರೆಯ ಹಳೇ ಡಬ್ಬಿ ತೆಗೆದು, ಹಸುಗೂಸನ್ನು ಎತ್ತಿದಂತೆ ಎರಡೂ ಕೈಯಲ್ಲಿ ಎತ್ತಿ ತೋರಿಸುತ್ತಾರೆ. ಶಾಲೆಯಲ್ಲಿ ಉಳಿದಿರುವ ಕೊನೆಯ, ಬೆರಳುದ್ದದ ಮೆಗ್ನೀಸಿಯಂ ಪಟ್ಟಿ ಅದರಲ್ಲಿದೆ. ಹೊಸದು ಬೇಕೆಂದು ಬರೆದ ಅರ್ಜಿಗಳಿಗೆ ಹನ್ನೊಂದು ವರ್ಷದಿಂದ ಉತ್ತರವಿಲ್ಲ. “ಹಚ್ಚಿ ಸಾರ್” ಎಂದು ಮಕ್ಕಳು ಗೋಗರೆದರೆ, “ಇವತ್ತು ಉರಿಸಿಬಿಟ್ರೆ ಮುಂದಿನ ವರ್ಷದವರಿಗೆ ಏನು ತೋರಿಸ್ಲಿ?” ಎನ್ನುತ್ತಾರೆ. ಗಾಳಿ ತಾಗೀತೆಂದು ಮುಚ್ಚಳವನ್ನೂ ತೆಗೆಯುವುದಿಲ್ಲ. ಬದಲಿಗೆ ಸೀಮೆಸುಣ್ಣದಲ್ಲಿ ಹಲಗೆಯ ತುಂಬ ಬಿಳಿ ಜ್ವಾಲೆ ಬರೆದು, “ನೇರ ನೋಡ್ಬೇಡಿ, ಕಣ್ಣು ಹೋಗುತ್ತೆ” ಎಂದು ಗದರುತ್ತಾರೆ. ಮಕ್ಕಳು ನಗು ತಡೆದುಕೊಂಡು ಕಣ್ಣಿಗೆ ಕೈ ಅಡ್ಡ ಹಿಡಿಯುತ್ತಾರೆ. ಈ ವರ್ಷ ಅವರಿಗೆ ನಿವೃತ್ತಿ. ಇನ್ನು ಯಾರಿಗೆಂದು ಉಳಿಸುವುದು ಎಂದುಕೊಂಡು, ಒಂದು ಕೈಯಲ್ಲಿ ಇಕ್ಕಳ ಹಿಡಿದು ಮುಚ್ಚಳ ತೆಗೆದರು. ಒಳಗೆ ಪಟ್ಟಿಯಿರಲಿಲ್ಲ, ಹಳೇ ಮುಚ್ಚಳದ ಸಂದಿಯಿಂದ ವರ್ಷವರ್ಷವೂ ತೇವ ಹೀರಿ ಅದು ಬಿಳಿ ಪುಡಿಯಾಗಿತ್ತು. ಮಕ್ಕಳು ಈ ಸಲ ನಿಜಕ್ಕೂ ಹೆದರಿ, ಕಣ್ಣಿಗೆ ಕೈ ಅಡ್ಡ ಹಿಡಿದು ಕಾಯುತ್ತಿದ್ದರು. “ಕೈ ತೆಗೀರಿ,” ಎಂದರು ಮೇಷ್ಟ್ರು. “ಇದೂ ರಾಸಾಯನಿಕ ಕ್ರಿಯೆನೇ, ಬರ್ಕೊಳ್ಳಿ. ಬೆಳಕು ಬರಲ್ಲ, ಅಷ್ಟೇ.”