ದಲ್ಲಾಳಿ ಮುದುಕಪ್ಪನ ಗುಟ್ಟಿನ ನಂಬರು

ಎಮ್ಮಿಗನೂರಿನ ಮುದುಕಪ್ಪ ತೊಟ್ಟಿಲಲ್ಲಿದ್ದಾಗಲೂ ಮುದುಕಪ್ಪನೇ. ಈಗ ಅರವತ್ತೆರಡು ತುಂಬಿ ಹೆಸರಿಗೂ ಮೈಗೂ ಹೊಂದಾಣಿಕೆಯಾಗಿದೆ, ಅಷ್ಟೆ. ನಲವತ್ತು ವರ್ಷದಿಂದ ದನದ ದಲ್ಲಾಳಿ. ಎತ್ತಿನ ಹಲ್ಲು ನೋಡಿ ವಯಸ್ಸು ಹೇಳುತ್ತಾನೆ, ಗಿರಾಕಿಯ ಚಪ್ಪಲಿ ನೋಡಿ ಜೇಬಿನ ತೂಕ ಹೇಳುತ್ತಾನೆ. ಒಂದೇ ಒಂದು ಕೆಟ್ಟ ಚಟ. ಯಾವುದಾದರೂ ಒಂದು ವಿಷಯ ತಿಳಿಯಲಿಲ್ಲವೆಂದರೆ ಆ ಮನುಷ್ಯನಿಗೆ ಉಂಡ ಅನ್ನ ಇಳಿಯುವುದಿಲ್ಲ.

ದನದ ಸಂತೆಯಲ್ಲಿ ರೇಟನ್ನು ಬಾಯಲ್ಲಿ ಹೇಳುವ ಪದ್ಧತಿ ಇಲ್ಲ. ಮಾರುವವರ ಪರ ದಲ್ಲಾಳಿ, ಎದುರಿಗೆ ಕೊಳ್ಳುವವನು. ಇಬ್ಬರ ಕೈಯ ಮೇಲೂ ಒಂದು ಟವೆಲ್, ಅದರಡಿ ಬೆರಳುಗಳ ಮಾತು. ಇಷ್ಟು ಬೆರಳು ಹಿಡಿದರೆ ಇಷ್ಟು ಸಾವಿರ, ಗೆಣ್ಣು ಒತ್ತಿದರೆ ಐನೂರು. ಇವನು ಒತ್ತಿದ್ದನ್ನೇ ಅವನೂ ಮರಳಿ ಒತ್ತಿದನೋ, ವ್ಯಾಪಾರ ಕುದುರಿತು. ಕೊಡುವವನೂ ಒತ್ತಬೇಕು, ತೆಗೆದುಕೊಳ್ಳುವವನೂ ಒತ್ತಬೇಕು. ಸುತ್ತ ನೂರು ಜನ ನಿಂತಿದ್ದರೂ ಒಬ್ಬನಿಗೂ ಸುಳಿವು ಸಿಗದು. ಮುದುಕಪ್ಪನ ಟವೆಲಿನಿಂದ ಈವರೆಗೆ ಒಂದು ರೇಟೂ ಆಚೆ ಬಿದ್ದಿಲ್ಲ, ಅದು ಅವನ ದೊಡ್ಡ ಹೆಮ್ಮೆ.

ಇಂಥವನ ಕೈಗೆ ಫೋನು ಬಂತು. ಕಂಪ್ಲಿಯ ಬ್ಯಾಂಕೊಂದರಲ್ಲಿ ಕೆಲಸ ಮಾಡುವ ಸಂಘಮಿತ್ರಾ ಎಂಬ ಹುಡುಗಿ ಅದರಲ್ಲಿ ಹಣ ಕಳಿಸುವ, ಪಡೆಯುವ ವ್ಯವಸ್ಥೆ ಮಾಡಿಕೊಟ್ಟು, "ಕಾಕಾ, ಈ ಪಿನ್ ನಂಬರ್ ಯಾರಿಗೂ ಹೇಳಬ್ಯಾಡ್ರಿ" ಎಂದಳು. ನನಗೆ ಕಲಿಸಲಿಕ್ಕೆ ಬಂದಳಲ್ಲಪ್ಪ ಎಂದು ಮುದುಕಪ್ಪನಿಗೆ ನಗು. ಅಂದಿನಿಂದ ಪಿನ್ ಒತ್ತುವಾಗಲೂ ಫೋನಿನ ಮೇಲೆ ಟವೆಲ್ ಹೊದಿಸಿ, ತಲೆಯನ್ನೂ ಒಳಗೆ ತೂರಿಸುತ್ತಿದ್ದ. ನೋಡಿದವರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ನಗಲಿ ಬಿಡು ಅನ್ನುತ್ತಿದ್ದ.

ಆದರೆ ಊರಮ್ಮನ ಮಿರ್ಚಿ ಅಂಗಡಿಯ ಗೋಡೆಗೆ ಅಂಟಿಸಿದ ಕಪ್ಪು ಬಿಳಿ ಚೌಕದ ಚಿತ್ರ ಅವನ ನಿದ್ದೆ ಕೆಡಿಸಿತು.

"ಅಲ್ಲವಾ ಊರಮ್ಮ, ಗುಟ್ಟನ್ನ ಹಿಂಗ ಗ್ವಾಡಿಗೆ ಅಂಟಿಸೀಯಲ್ಲ, ಯಾರರ ಕದ್ದೊಯ್ದ್ರ?"

"ಒಯ್ಯಲಿ ಬಿಡಪ್ಪ! ಅದನ್ನ ಎಲ್ಲಿ ಹಚ್ಚಿದ್ರೂ ರೊಕ್ಕ ನನಗೇ ಬರ್ತೈತಿ. ನೀ ಜಲ್ದಿ ಮಿರ್ಚಿ ತಿನ್ನು, ಆರ್ತಾವು."

ಎಲ್ಲರಿಗೂ ಕಾಣಬೇಕು, ಯಾರಿಗೂ ಸಿಗಬಾರದು! ಇದೆಂಥ ವಿದ್ಯೆ? ಮುದುಕಪ್ಪ ಕಂಡಕಂಡವರನ್ನು ಕೇಳಿದ. ಕೆಂಚಣ್ಣ ಮೇಷ್ಟ್ರು ಕೂಡ, "ಏನೋ ಕಂಪ್ಯೂಟರಿಂದು ಮಾರಾಯ" ಎಂದು ಜಾರಿಕೊಂಡರು.

ಆ ವಾರದ ಸಂತೆಯಲ್ಲಿ ಕರೆಮ್ಮನ ಜೋಡೆತ್ತು ಮಾರಾಟವಾದವು. ಕರೆಮ್ಮ ಅವನ ಓಣಿಯವಳೇ, ಗಂಡ ಇಲ್ಲ. ಹೊಲಕ್ಕೆ ಟ್ರ್ಯಾಕ್ಟರ್ ಬಂದ ಮೇಲೆ ಎತ್ತು ಸುಮ್ಮನೆ ಮೇವು ತಿನ್ನುತ್ತಿದ್ದವು. ಮಾರಿ ಒಂದು ಕರಾವಿನ ಎಮ್ಮೆ ಕೊಳ್ಳಬೇಕೆಂದು ಕಡ್ಡಿರಾಂಪುರದಲ್ಲಿ ನೋಡಿಯೂ ಬಂದಿದ್ದಳು. ಬುಧವಾರ ದುಡ್ಡು ಕೊಟ್ಟು ಹೊಡೆದುಕೊಂಡು ಬರುವುದೊಂದೇ ಬಾಕಿ. ಬೆರಳಿನ ಲೆಕ್ಕ ಅವಳಿಗೆ ಬರದು. "ಯಣ್ಣಾ, ಎಷ್ಟಕ್ಕ ಕೊಡ್ತಿಯೋ ಕೊಡು, ಬಂದದ್ದು ತಂದು ಕೈಯಾಗ ಇಡು" ಎಂದುಬಿಟ್ಟಿದ್ದಳು. ವಡ್ಡು ಗ್ರಾಮದ ಕೊಟ್ರಯ್ಯ ಎಂಬಾತನ ಜೊತೆ ಟವೆಲಿನಡಿ ಎಂಬತ್ತೆರಡು ಸಾವಿರಕ್ಕೆ ಕುದುರಿತು. ಹಣ ಮುದುಕಪ್ಪನ ಫೋನಿಗೆ ಬಂತು. ಸೋಮವಾರ ಬ್ಯಾಂಕಿನಿಂದ ಬಿಡಿಸಿ ಕೊಡುವುದೆಂದಾಯಿತು.

ಭಾನುವಾರ ಮಧ್ಯಾಹ್ನ ಒಂದು ಫೋನ್. ಸಂಡೂರಿನ ಕಡೆಯವನಂತೆ. ಮುದುಕಪ್ಪ ದನದ ವ್ಯಾಪಾರದ ವಾಟ್ಸಾಪ್ ಗ್ರೂಪಿಗೆ ಹಾಕಿದ್ದ ಬೇರೊಬ್ಬರ ಹೋರಿಯ ಫೋಟೊ ನೋಡಿದ್ದಾನಂತೆ. ಹೇಳಿದ ರೇಟಿಗೆ ಚಕಾರ ಎತ್ತದೆ ಒಪ್ಪಿದ. ಚೌಕಾಶಿ ಮಾಡದ ಗಿರಾಕಿ ಎಲ್ಲಾದರೂ ಇದ್ದಾನೆಯೇ? ಅಲ್ಲೇ ಮೂಗಿಗೆ ವಾಸನೆ ಬಡಿಯಬೇಕಿತ್ತು, ಬಡಿಯಲಿಲ್ಲ.

"ಸಂಚಕಾರ ಅಂತ ಮುಂಗಡ ಇಪ್ಪತ್ತು ಸಾವಿರ ಈಗ್ಲೇ ಹಾಕ್ತೀನ್ರಿ ಯಜಮಾನ್ರ. ನಿಮ್ಮ ಫೋನಿಗೆ ಒಂದು ಮೆಸೇಜು ಬರ್ತೈತಿ ನೋಡ್ರಿ, ಅದಕ್ಕ ನಿಮ್ಮ ಪಿನ್ ಒತ್ರಿ, ರೊಕ್ಕ ನಿಮಗ ಬೀಳ್ತೈತಿ. ನಂಬರ್ ನನಗ ಹೇಳಬ್ಯಾಡ್ರಿ ಮತ್ತ!"

ಹೇಳಬೇಡಿ ಅಂದನಲ್ಲ, ಅಲ್ಲಿಗೆ ಮುದುಕಪ್ಪ ಪೂರ್ತಿ ಬಿದ್ದ. ಎಷ್ಟು ಮರ್ಯಾದಸ್ಥ! ಅವನು ಅಲ್ಲಿ ಒತ್ತಿದ್ದಾನೆ, ನಾನು ಇಲ್ಲಿ ಮರಳಿ ಒತ್ತಬೇಕು, ನಲವತ್ತು ವರ್ಷ ಮಾಡಿದ್ದೂ ಅದನ್ನೇ ಅಲ್ಲವೇ. ಟವೆಲ್ ಹೊದ್ದು ಒತ್ತಿದ. ಟಣ್ ಎಂದು ಮೆಸೇಜು ಬಂತು. ಇಪ್ಪತ್ತು ಸಾವಿರ ಬರಲಿಲ್ಲ, ಹೋಗಿತ್ತು. ತಿರುಗಿ ಫೋನ್ ಮಾಡಿದರೆ ಸ್ವಿಚಾಫ್.

ಖಾತೆಯಲ್ಲಿ ತನ್ನದೆಂದು ಇದ್ದದ್ದು ಮುನ್ನೂರು ಚಿಲ್ಲರೆ. ಹೋದದ್ದು ಕರೆಮ್ಮನ ಎಮ್ಮೆಯ ದುಡ್ಡು. ಸಂಘಮಿತ್ರಾಳಿಗೆ ಫೋನ್ ಹಚ್ಚಿದ. ಅವಳು ಒಂದು ಕ್ಷಣವೂ ತಡಮಾಡದೆ ಸೈಬರ್ ದೂರಿನ ನಂಬರ್ ಕೊಟ್ಟಳು, ದೂರು ಬರೆಸಿದ್ದಾಯಿತು. ಸೋಮವಾರ ಬ್ಯಾಂಕಿಗೆ ಹೋದಾಗ, "ದುಡ್ಡು ಸಿಕ್ರೂ ಸಿಗಬಹುದು, ಇಲ್ಲಾಂದ್ರೂ ಇಲ್ಲ, ಭಾಳ ಆಸೆ ಇಟ್ಕೋಬ್ಯಾಡ್ರಿ ಕಾಕಾ" ಎಂದಳು.

ಮುದುಕಪ್ಪ ಕುರ್ಚಿಯಲ್ಲಿ ಕೂತ. ಬೇರೆ ಯಾರಾದರೂ ಆಗಿದ್ದರೆ ಹಣೆ ಹಣೆ ಬಡಿದುಕೊಳ್ಳುತ್ತಿದ್ದರು. ಇವನು ಆ ಸಂಕಟದಲ್ಲೂ ಕೇಳಿದ್ದೇನು ಗೊತ್ತೇ?

"ಅಲ್ಲ ಯವ್ವಾ, ನನ್ನ ನಂಬರು ನನ್ನ ಹೇಂತಿಗೂ ಗೊತ್ತಿಲ್ಲ. ಟವಲ್ ಬ್ಯಾರೆ ಹೊದ್ದಿದ್ದೆ. ಅವನಿಗೆ ಹೆಂಗ ಸಿಕ್ತು?"

"ಸಿಕ್ಕೇ ಇಲ್ಲ ಕಾಕಾ. ನೀವು ಒತ್ತಿದ ನಂಬರ್ ನಿಮ್ಮ ಫೋನ್ ದಾಟೋಕಿಂತ ಮೊದಲೇ ಬೀಗ ಬೀಳ್ತೈತಿ. ಗುರುತೇ ಸಿಗದ ಹಂಗ ಕಲಸಿಹೋಗ್ತೈತಿ. ದಾರ್‍ಯಾಗ ಯಾರರ ಹಿಡಿದ್ರೂ ಬರೀ ಹೊಟ್ಟು. ಆ ಬೀಗ ಹಾಕೋ ಚಾವಿ ಯಾರ ಕೈಯಾಗಿದ್ರೂ ನಡೀತೈತಿ. ತಗಿಯೋ ಚಾವಿ ಬ್ಯಾರೆ, ಅದು ಬ್ಯಾಂಕಿನ ಕಡೆ ಮಾತ್ರ ಇರ್ತೈತಿ."

"ಹಾಕಾಕ ಒಂದು, ತಗಿಯಾಕ ಒಂದಾ!" ಮುದುಕಪ್ಪನ ಕಣ್ಣು ಅರಳಿದವು. ದುಡ್ಡು ಹೋದದ್ದು ಅರೆಗಳಿಗೆ ಮರೆತೇಹೋಯಿತು. "ಹಾಕೋ ಚಾವಿ ಊರಿಗೆಲ್ಲ ಹಂಚಿದ್ರೂ ತಗಿಯಾಕ ಬರಂಗಿಲ್ಲ! ಅಬಬಬಾ, ಯಾವ ತಲಿ ಇದನ್ನ ಹೊಳಸಿತೋ! ಹಂಗಾರ ನಮ್ಮ ಊರಮ್ಮನ ಚಿತ್ರ?"

"ಅದು ಬರೀ ಆಕಿ ವಿಳಾಸ. ದುಡ್ಡು ಎಲ್ಲಿಗೆ ಹೋಗಬೇಕು ಅಂತ."

"ಬೀಗ ಇಷ್ಟು ಗಟ್ಟಿ ಇದ್ರ, ಮತ್ತ ಕಳ್ಳ ಹೆಂಗ ತಗದ?"

ಸಂಘಮಿತ್ರಾ ಮೆಲ್ಲಗೆ ಹೇಳಿದಳು, "ಅವ ತಗೀಲಿಲ್ಲ ಕಾಕಾ, ನೀವೇ ಕೊಟ್ರಿ. ಪಿನ್ ಅಂದ್ರ 'ನನ್ನ ರೊಕ್ಕ ಕೊಡ್ರಿ' ಅಂತ ಬ್ಯಾಂಕಿಗೆ ಹೇಳೋದು. ಬರೋ ದುಡ್ಡಿಗೆ ಏನೂ ಒತ್ತಬೇಕಿಲ್ಲ, ಎತ್ತಿನ ರೊಕ್ಕ ಬಂದಾಗ ಏನರ ಒತ್ತಿದ್ರೇನು? ಬೀಗ ನಂಬರ್ ಕಾಯ್ತೈತಿ, ಆ ಕಡೆ ಇರೋದು ಕಳ್ಳನೋ ಸಾಚಾನೋ ಅಂತ ಅದಕ್ಕೇನು ಗೊತ್ತು?"

ಸಂತೆಯಲ್ಲಿ ಮುದುಕಪ್ಪ ಬೆರಳು ಹಿಡಿಯುವ ಮುಂಚೆ ಎದುರಿನವನ ಮುಖ ನೋಡುತ್ತಿದ್ದ. ಇಲ್ಲಿ ಮುಖವೇ ಇರಲಿಲ್ಲ, ಅದನ್ನು ತಾನು ಕೇಳಲೂ ಇಲ್ಲ.

ಉಳಿದ ಅರವತ್ತೆರಡು ಸಾವಿರ ಬಿಡಿಸಿಕೊಂಡು ಬಸ್ಸು ಹತ್ತಿದ. ಕೂತಲ್ಲೇ ಒಂದು ಕೆಟ್ಟ ಯೋಚನೆ ಬಂತು, ಬಂದದ್ದು ಸುಳ್ಳಲ್ಲ. ಎತ್ತು ಎಷ್ಟಕ್ಕೆ ಹೋದವೆಂದು ಯಾರಿಗೆ ಗೊತ್ತು? ತನಗೆ, ಕೊಟ್ರಯ್ಯನಿಗೆ. ಅರವತ್ತೆರಡಕ್ಕೇ ಹೋದವು ಎಂದರೆ ಕರೆಮ್ಮ ಸೆರಗೊಡ್ಡಿ ತೆಗೆದುಕೊಳ್ಳುತ್ತಾಳೆ. ಎಮ್ಮೆ ಬರುವುದಿಲ್ಲ, ಅಷ್ಟೆ. ತನ್ನ ಮಾನ ಉಳಿಯುತ್ತದೆ. ಟವೆಲಿನಡಿ ನಡೆದದ್ದನ್ನು ಬಾಯಿಬಿಟ್ಟು ಕೇಳುವವರೂ ಇಲ್ಲ, ಹೇಳುವವರೂ ಇಲ್ಲ. ಎಮ್ಮಿಗನೂರು ಬರುವಷ್ಟರಲ್ಲಿ ಆ ಮಾತು ನಾಲಿಗೆಯ ತುದಿಗೇ ಬಂದು ಕೂತಿತ್ತು. ತನ್ನ ಮೇಲೆ ತನಗೇ ಅಸಹ್ಯವಾಯಿತು.

ಕರೆಮ್ಮ ಕಟ್ಟೆಯ ಮೇಲೆ ಅಕ್ಕಿ ಆರಿಸುತ್ತಿದ್ದಳು. ಅಕ್ಕಪಕ್ಕದ ನಾಲ್ಕು ಹೆಂಗಸರೂ ಇದ್ದರು. ಮುದುಕಪ್ಪ ಕೂರಲಿಲ್ಲ.

"ಕರೆಮ್ಮ, ನಿನ್ನ ಎತ್ತು ಎಂಬತ್ತೆರಡು ಸಾವಿರಕ್ಕ ಹೋಗ್ಯಾವು" ಎಂದು ಓಣಿಗೆಲ್ಲ ಕೇಳುವಂತೆ ಹೇಳಿದ. ಟವೆಲಿನಡಿ ಕುದುರಿದ ರೇಟನ್ನು ಹೀಗೆ ನಾಲ್ಕು ಜನರೆದುರು ಬಾಯಲ್ಲಿ ಆಡಿದ್ದು ಹುಟ್ಟಿದಾಗಿನಿಂದ ಅದೇ ಮೊದಲು. "ಅದರಾಗ ಇಪ್ಪತ್ತು ನಾನು ಕಳಕೊಂಡೆ. ಒಬ್ಬ ಕಳ್ಳ ಮಂಗ್ಯಾ ಮಾಡಿದ ನನ್ನ. ಈ ಚೀಲದಾಗ ಅರವತ್ತೆರಡು ಐತಿ, ತಗೋ. ಉಳಿದದ್ದು ನನ್ನ ಮ್ಯಾಲೆ."

ಕರೆಮ್ಮ ಮೊರವನ್ನು ಪಕ್ಕಕ್ಕಿಟ್ಟಳು.

"ಎಂಬತ್ತೆರಡು ಅಂತ ನನಗ ಅವತ್ತೇ ಗೊತ್ತು ಯಣ್ಣಾ. ಸಂತ್ಯಾಗ ಎತ್ತು ಗಾಡಿಗೆ ಏರಿಸುವಾಗ ಆ ಕೊಟ್ರಯ್ಯ ಫೋನಿನಾಗ ಹೇಂತಿಗೆ ಒದರಿ ಒದರಿ ಹೇಳಿದ. ನೀ ಎಷ್ಟು ಹೇಳ್ತಿಯೋ ಅಂತ ಎರಡು ದಿನದಿಂದ ಕುಂತೀನಿ ನಾನು."

ಮುದುಕಪ್ಪ ಕಟ್ಟೆಯ ಅಂಚಿಗೆ ಕೂತ. ಕಣ್ಣಲ್ಲಿ ನೀರು ಬಂತು.

"ಅಳಬ್ಯಾಡ, ಎಮ್ಮಿ ಬುಧವಾರ ಬರಬೇಕು" ಎಂದಳು ಕರೆಮ್ಮ. "ನಿನ್ನ ಬೈಕು ಮಾರ್ತಿಯೋ ಏನ್ ಮಾಡ್ತಿಯೋ ನೋಡು. ಮುಂದ ಅದು ಕರು ಹಾಕಿದ್ರ ಆ ಕರೂನೂ ನೀನೇ ಮಾರಿಕೊಡಬೇಕು, ಬ್ಯಾರೆ ಯಾರ ಕೈಯಾಗೂ ಕೊಡಂಗಿಲ್ಲ ನಾನು."