ಬೈಸಿಕೊಳ್ಳಲು ತೆಗೆದ ಫೋಟೊಗಳು

ನನ್ನ ಗಂಡನಿಗೆ ರೈಲಿನ ಹುಚ್ಚು. ರೈಲಿನಲ್ಲಿ ಹೋಗುವ ಹುಚ್ಚಾಗಿದ್ದರೆ ನಾನೂ ಜೊತೆಗೆ ನಾಲ್ಕು ಊರು ನೋಡುತ್ತಿದ್ದೆ. ಇವರದ್ದು ರೈಲು ಹೋಗುವುದನ್ನು ನಿಂತು ನೋಡುವ, ಅದರ ಫೋಟೊ ತೆಗೆಯುವ ಹುಚ್ಚು. ಕಡಬ ಪೇಟೆಯಲ್ಲಿ ನಮ್ಮ ಜೆರಾಕ್ಸ್ ಅಂಗಡಿ, ಮನೆ ಹೊಳೆಬದಿಯಲ್ಲಿ. ಸ್ವಲ್ಪ ನಡೆದರೆ ಕುಮಾರಧಾರೆಯ ರೈಲು ಸೇತುವೆ ಕಾಣುತ್ತದೆ. ಭಾನುವಾರ ಬಂತೆಂದರೆ ಕ್ಯಾಮರಾ ಹೆಗಲಿಗೆ, ಕತ್ತಿ ಕೈಗೆ.

ಕತ್ತಿ ಯಾಕೆಂದರೆ, ಈ ಫೋಟೊದವರಿಗೆ ರೈಲಿನ ಚಕ್ರ ಪೂರ್ತಿ ಕಾಣಬೇಕು. ಹಳಿಯ ಬದಿಯ ಹುಲ್ಲು ಅಡ್ಡ ಬಂತೋ, ಆ ಫೋಟೊ ಲೆಕ್ಕಕ್ಕಿಲ್ಲ. ಇಂಜಿನ್ನಿನ ನಂಬ್ರ ಓದುವಂತಿರಬೇಕು, ಬಿಸಿಲು ಅದರ ಮೂತಿಗೇ ಬೀಳಬೇಕು, ಕೊನೆಯ ಡಬ್ಬಿಯವರೆಗೂ ಸಿಗಬೇಕು. ಅದಕ್ಕೆ ಇವರು ಮೊದಲೇ ಹೋಗಿ ಇಳಿಜಾರಿನ ಹುಲ್ಲು ಹೆರೆದು ಚೊಕ್ಕ ಮಾಡುತ್ತಿದ್ದರು. ನಮ್ಮ ಅಂಗಳದಲ್ಲಿ ಹುಲ್ಲು ಮೊಣಕಾಲಿಗೆ ಬಂದಿರುತ್ತಿತ್ತು. ಮನೆಗೆ ಮಾರಿ, ಊರಿಗೆ ಉಪಕಾರಿ ಎಂದು ನಾನು ಎಷ್ಟು ಸಲ ಹಂಗಿಸಿದ್ದೇನೋ. ಕತ್ತಿ ಹಿಡಿದು ಹೋಗುವ ಇವರನ್ನು ಕಂಡು, "ದನ ಎಷ್ಟುಂಟು ಮಾರಾಯ್ರೆ ಮನೆಯಲ್ಲಿ?" ಎಂದು ಕೇಳುವವರೂ ಇದ್ದರು. ನಮ್ಮಲ್ಲಿ ಒಂದು ಬೆಕ್ಕೂ ಇಲ್ಲ.

ಇಂಥ ಮನುಷ್ಯ ಒಂದು ಬೆಳಿಗ್ಗೆ ಅಂಗಡಿಯ ಶಟರ್ ಎತ್ತುವಾಗ ಕುಸಿದು ಬಿದ್ದರು. ಪಕ್ಷವಾತ. ಪುತ್ತೂರಿನ ಆಸ್ಪತ್ರೆಯಿಂದ ಮನೆಗೆ ಬರುವಾಗ ಬಲಗೈ ಏಳುತ್ತಿರಲಿಲ್ಲ, ಮಾತು ಪೂರ್ತಿ ಹೋಗಿತ್ತು. "ಮಾತು ವಾಪಸು ಬರುದಾದ್ರೆ ಈಗಲೇ ಬರ್ಬೇಕು. ಅವರಿಗೆ ಇಷ್ಟದ್ದನ್ನೇ ತೋರ್ಸಿ, ಮಾತಾಡ್ಸಿ" ಎಂದಿದ್ದರು ಡಾಕ್ಟರು. ಮಗಳ ಮದುವೆಯ ಆಲ್ಬಮ್ ತೋರಿಸಿದೆ. ಭಜನೆ ಹಾಕಿದೆ. ಇವರ ಕಣ್ಣು ಮಾಡಿನ ಹಂಚಿನ ಕಡೆಗೇ ಇತ್ತು.

ಕೊನೆಗೆ ಮೊಬೈಲು ಹಿಡಿದು ನಾನೇ ಸೇತುವೆಯ ಹತ್ತಿರ ಹೋದೆ. ಹೆದರಿಕೆಗಿಂತ ನಾಚಿಕೆಯೇ ಹೆಚ್ಚು. ಈ ಪ್ರಾಯದ ಹೆಂಗಸು ಒಬ್ಬಳೇ ಹಳಿಯ ಬದಿ ನಿಂತರೆ ಜನ ಬೇರೆಯೇ ಎಣಿಸುತ್ತಾರೆ. ನೆಟ್ಟಣದ ಕಡೆ ಹೋಗುವ ಗೂಡ್ಸು ರೈಲು ಬಂತು. ಒತ್ತಿದೆ, ಬೀಸಬೀಸ ನಡೆದು ಬಂದು ಇವರ ಮುಖದ ಮುಂದೆ ಹಿಡಿದೆ. ಇವರು ನೋಡಿದರು. ಹುಬ್ಬು ಗಂಟಾಯಿತು. ಬಾಯಿ ಒಂದು ಕಡೆಗೆ ಎಳೆದು, ಜೊಲ್ಲು ಸುರಿದು, ಕಡೆಗೂ ಒಂದು ಮಾತು ಹೊರಬಿತ್ತು: "ಹುಲ್ಲು!"

ನನ್ನ ಹೆಸರಲ್ಲ, ಮಗಳ ಹೆಸರಲ್ಲ, ದೇವರ ಹೆಸರೂ ಅಲ್ಲ. ಆದರೂ ನನಗೆ ಹಾಲು ಕುಡಿದಷ್ಟು ಸಂತೋಷ. ಅಂದಿನಿಂದ ನಾನು ಬೇಕೆಂದೇ ಕೆಟ್ಟ ಫೋಟೊ ತೆಗೆಯತೊಡಗಿದೆ. ಬಿಸಿಲಿಗೆ ಎದುರಾಗಿ ತೆಗೆದರೆ "ಕಪ್ಪು, ಕಪ್ಪು." ಕೊನೆಯ ಡಬ್ಬಿ ಬಿಟ್ಟರೆ "ಬಾಲ ಎಲ್ಲಿ?" ಹಳಿಗೆ ಕರೆಂಟಿನ ಕಂಬ ಹಾಕಿದ ಮೇಲಂತೂ ನನ್ನ ಕೆಲಸ ಸುಲಭವಾಯಿತು. ಸರಿಯಾಗಿ ಇಂಜಿನ್ನಿನ ಮೂಗಿಗೇ ಒಂದು ಕಂಬ ಬರುವ ಹಾಗೆ ನಿಂತು ತೆಗೆಯುತ್ತಿದ್ದೆ. ಒಂದು ದಿನ, "ನಿಂಗೆ ಎಷ್ಟು ಹೇಳಿದ್ರೂ ಅಷ್ಟೇ. ಕಣ್ಣು ಉಂಟಾ ಇಲ್ವಾ?" ಎಂದು ತಡವರಿಸುತ್ತಲೇ ಪೂರ್ತಿ ಬೈದು ಮುಗಿಸಿದರು. ನಾನು ಅಡಿಗೆಮನೆಗೆ ಹೋಗಿ ಮಗಳಿಗೆ ಫೋನು ಮಾಡಿದೆ. "ಅಪ್ಪ ಇವತ್ತು ಲಾಯ್ಕ ಬೈದ್ರು" ಎಂದೆ. ಇಬ್ಬರೂ ನಕ್ಕೆವು, ಸ್ವಲ್ಪ ಅತ್ತೆವು.

ಮಳೆಗಾಲ ಮುಗಿಯುವಾಗ ಎರಡನೇ ಸಲ ಪಕ್ಷವಾತ ಬಡಿಯಿತು, ಮಂಚದಲ್ಲಿ ಮಲಗಿದ್ದಲ್ಲಿಗೇ. ಆಸ್ಪತ್ರೆಯಿಂದ ಬಂದ ಮರುದಿನವೇ ನಾನು ಸೇತುವೆಗೆ ಹೋದೆ. ಅಲ್ಲೇ ಕುಕ್ಕರಗಾಲಲ್ಲಿ ಕೂತು ಆದಷ್ಟು ಹಾಳು ಮಾಡಿ ತೆಗೆದೆ. ಒಂದು ಕಂಬ, ಬೇಕಾದಷ್ಟು ಹುಲ್ಲು, ಮೂಲೆಯಲ್ಲಿ ಅರ್ಧ ಡಬ್ಬಿ. ಇಂಜಿನ್ನೇ ಇಲ್ಲ. ಇದಕ್ಕೂ ಬೈಯದಿದ್ದರೆ ಮತ್ತೆಂತದಕ್ಕೆ ಬೈಯುವುದು ಎಂದುಕೊಂಡು ಮನೆಗೆ ಬಂದೆ.

ಇವರು ತುಂಬ ಹೊತ್ತು ನೋಡಿದರು. ಹುಬ್ಬು ಅಲ್ಲಾಡಲಿಲ್ಲ. ಮುಖದಲ್ಲಿ ನಗು ಬಂತು, ಅಂಗಡಿಗೆ ಬರುವ ಗುರುತಿಲ್ಲದ ಗಿರಾಕಿಗಳಿಗೆ ಕೊಡುತ್ತಿದ್ದ ನಗು.

"ಚಂದ ಉಂಟು" ಎಂದರು.

ಮದುವೆಯಾದಂದಿನಿಂದ ಯಾರ ಫೋಟೊ ನೋಡಿದರೂ ಆ ಮಾತು ಇವರ ಬಾಯಿಂದ ಬಂದದ್ದಿಲ್ಲ. ತಾವೇ ತೆಗೆದದ್ದಕ್ಕೂ ಇಲ್ಲ. ಮೊಬೈಲನ್ನು ಇನ್ನೂ ಹತ್ತಿರ ಹಿಡಿದೆ.

"ಸರಿಯಾಗಿ ನೋಡಿ. ಇಂಜಿನ್ ಎಲ್ಲಿ ಉಂಟು ಇದ್ರಲ್ಲಿ? ಬೈಯಿರಿ ಮಾರಾಯ್ರೆ. ಒಮ್ಮೆ ಬೈಯಿರಿ ನಂಗೆ."

ಅವರು ಫೋಟೊ ಬಿಟ್ಟು ನನ್ನ ಮುಖ ನೋಡಿದರು.

"ಚಂದ ಉಂಟು" ಎಂದರು.