ಬೆಡಗು ಬಲ್ಲ ಬಸವ್ವ

ನಮ್ಮಕ್ಕ ಬಸವ್ವ ಲಂಚ ತಿಂದಿರಲಿಲ್ಲ. ಅವಳಿಗೆ ಯಾರೂ ಮಾಟ ಮಾಡಿಸಿರಲಿಲ್ಲ. ನಮ್ಮವ್ವನ ರಕ್ತದಲ್ಲಿದ್ದ ಬೇನೆ ಅವಳ ಪಾಲಿಗೆ ಬಂತು, ನನ್ನ ಪಾಲಿಗೆ ಬರಲಿಲ್ಲ. ಆದದ್ದು ಇಷ್ಟೇ. ನಮ್ಮೂರು ಇರಕಲ್ಲಗಡದಲ್ಲಿ ಜನ ಆಡಿಕೊಂಡ ಉಳಿದದ್ದೆಲ್ಲ ಬಾಯಿಚಪಲ.

ಮನೆಗೆ ಯಾರೇ ಬರಲಿ, ನೀರು ಕೊಡುವ ಮೊದಲು ಅಕ್ಕ "ನಿಮ್ಮವ್ವ ಯಾರ ಮಗಳು?" ಎಂದು ಕೇಳುತ್ತಿದ್ದಳು. ಅಷ್ಟು ಹೇಳಿದರೆ ಸಾಕು, ಅವರ ಬೆಡಗು ಯಾವುದು, ಯಾವ ಮನೆ ಅಣ್ಣತಮ್ಮಂದಿರದು, ಯಾವುದು ಬೀಗರದು, ಎಲ್ಲ ಬಿಚ್ಚಿಡುತ್ತಿದ್ದಳು. ನಮ್ಮಲ್ಲಿ ಬೆಡಗು ಅಂದರೆ ಗೋತ್ರ ಇದ್ದಂತೆ; ಒಂದೇ ಬೆಡಗಿನವರೆಂದರೆ ಒಡಹುಟ್ಟಿದವರ ಲೆಕ್ಕ, ಮದುವೆ ಕೂಡದು. ಹಿಟ್ನಾಳದವರು, ಕುಷ್ಟಗಿಯವರು ಹೆಣ್ಣು ನೋಡುವ ಮೊದಲು ಅವಳ ಕಟ್ಟೆಗೆ ಬಂದು ಕೂರುತ್ತಿದ್ದರು. ಬಾಯಿ ಮಾತ್ರ ಖಾರ. ಒಬ್ಬ ಮಾಸ್ತರ "ಇಷ್ಟೆಲ್ಲಾ ಹೆಂಗ ನೆನಪ ಇಟಗೊಂಡೀರಿ?" ಎಂದು ಕೇಳಿದ್ದಕ್ಕೆ, "ನಿಮ್ಮ ಮಕ್ಕಳ ಹೆಸರು ನೀವು ಮರ್ತಿಲ್ಲಲ್ರಿ, ಹಂಗ. ಮರ್ತಿದ್ರ ಕೇಳ್ರಿ, ಅವೂ ಹೇಳ್ತೀನಿ" ಎಂದಿದ್ದಳು.

ತನ್ನ ಮಗಳು ನಿರ್ಮಲಾಳ ಮಗ ಮಂಜುವಿಗೆ ನನ್ನ ಮಗನ ಮಗಳು ಸುಮಾಳನ್ನು ತೊಟ್ಟಿಲಲ್ಲೇ ಕೇಳಿದವಳೂ ಅವಳೇ. "ಈರವ್ವ, ಈ ಕೂಸು ನಮ್ಮದು. ಬ್ಯಾರೆ ಕಡೆ ಕೊಟ್ಟಿ ಅಂದ್ರ ನಿನ್ನ ಮಾರಿ ನೋಡಂಗಿಲ್ಲ." ನಾನು ಹೂಂ ಅಂದಿದ್ದೆ.

ಅಕ್ಕನಿಗೆ ಇನ್ನೂ ಅರವತ್ತು ತುಂಬಿರಲಿಲ್ಲ, ಆಗ ಆದದ್ದು. ದತ್ತಕ ಹೋದ ಒಬ್ಬ ಹುಡುಗನ ಸಂಬಂಧ ಬಂದಿತ್ತು. ದತ್ತಕ ಹೋದವನಿಗೆ ಹೋದ ಮನೆಯ ಬೆಡಗೇ ಬೆಡಗು. ಅವನು ದತ್ತಕ ಹೋದ ಸಂಗತಿಯನ್ನು ಹುಡುಗನ ಕಡೆಯವರು ಮುಂಜಾನೆ ನನ್ನೆದುರೇ ಅಕ್ಕನಿಗೆ ಹೇಳಿ ಹೋದರು. ಸಂಜೆ ನಾನಿರಲಿಲ್ಲ. ಹೆಣ್ಣಿನ ಕಡೆಯವರು ಬಂದಾಗ ಅಕ್ಕ ಅವನು ಹುಟ್ಟಿದ ಮನೆಯ ಬೆಡಗನ್ನೇ ಹಿಡಿದು "ನಡೀತೈತ್ರಿ, ಮಾಡ್ರಿ" ಎಂದುಬಿಟ್ಟಳು. ಹಂದರ ಹಾಕಿದ ಮೇಲೆ ಅವನು ದತ್ತಕ ಹೋದ ಮನೆಯದೂ ಹೆಣ್ಣಿನ ಮನೆಯದೂ ಒಂದೇ ಬೆಡಗು ಎಂದು ತಿಳಿದು ಮದುವೆ ನಿಂತಿತು.

"ರೊಕ್ಕಾ ತಿಂದು ಅಣ್ಣ-ತಂಗಿಗೆ ಗಂಟು ಹಾಕಾಕ ನಿಂತಿದ್ಲು ನೋಡವ್ವ" ಎಂದು ಓಣಿಯ ಹೆಂಗಸರು ಅವಳಿಗೆ ಕೇಳುವಂತೆಯೇ ಅಂದರು. ಅಕ್ಕ ಜಗಳಕ್ಕೆ ಹೋಗಲಿಲ್ಲ. ನನ್ನ ಕೈ ಹಿಡಿದು, "ಈರವ್ವ, ಅವತ್ತ ಮುಂಜಾನೆ ಖರೇನ ಯಾರರೆ ಬಂದಿದ್ರ?" ಎಂದಳು. ಅವಳ ಮುಖದಲ್ಲಿ ನನಗೆ ನಮ್ಮವ್ವನ ಕಣ್ಣುಗಳು ಕಂಡವು. ಅವ್ವನೂ, ಅವ್ವನ ಅಣ್ಣನೂ ಇದೇ ವಯಸ್ಸಿಗೆ ಹೀಗೇ ಶುರುಮಾಡಿ, ಕಡೆಗೆ ನುಂಗುವುದನ್ನೂ ಮರೆತು ಸತ್ತವರು.

ಕೆಲವು ವರ್ಷ ಎಳೆದ ಮೇಲೆ ಹುಬ್ಬಳ್ಳಿಯ ಡಾಕ್ಟರು ಅಕ್ಕನ ರಕ್ತ ತಪಾಸಣೆ ಮಾಡಿಸಿದರು. ಅವರು ಹೇಳಿದ್ದನ್ನು ಸುಮಾ ನನಗೆ ಬಿಡಿಸಿ ಹೇಳಿದಳು. ಅವಳು ಗಂಗಾವತಿಯಲ್ಲಿ ಬಿಎಸ್ಸಿ ಓದುತ್ತಾಳೆ.

"ಆಯಿ, ಹೊಸಾದು ಕಲತಾಗ ಮಿದುಳಿನ್ಯಾಗ ಒಂದು ಜೀವಕೋಶಕ್ಕೂ ಇನ್ನೊಂದಕ್ಕೂ ಹೊಲಿಗಿ ಬೀಳತೈತಿ ಅಂತ ತಿಳಕೋ. ಆ ಹೊಲಿಗಿ ನಿಲ್ಲಾಕ ಒಳಗ ಹೊಸಾ ಪ್ರೋಟೀನ್ ತಯಾರಾಗಬೇಕು. ದೊಡ್ಡಾಯಿ ತಲಿಯಾಗ ಕೆಟ್ಟ ಪ್ರೋಟೀನ್ ಗಂಟುಗಟ್ಟಿ ಹೊಲಿಗಿ ನಿಲ್ಲವಲ್ದು."

"ಹಂಗಾರ ಹಳೇದೆಲ್ಲಾ ಹೆಂಗ ಹೇಳ್ತಾಳ?"

"ಹಳೇ ಹೊಲಿಗಿ ಗಟ್ಟಿ. ಅದೂ ಬಿಚ್ಚತೈತಿ, ತಡಾ ಆಗಿ."

"ಕೆಟ್ಟದ್ದು ಎಲ್ಲಿಂದ ಬಂತು?"

"ಹುಟ್ಟಿನಿಂದನ. ಒಂದು ಜೀನ್ ಕೆಟ್ಟೈತಿ. ಮಕ್ಕಳಿಗೆ ಬರೂದು ಎಂಟಾಣೆ, ಬರದಿರೂದು ಎಂಟಾಣೆ. ಆ ವಯಸ್ಸು ದಾಟಿದ್ರೂ ನಿನಗೇನೂ ಆಗಿಲ್ಲ. ನೀ ಪಾರಾದಿ, ಅದಕ್ಕ ನಾವೂ ಪಾರು."

ನಿರ್ಮಲಾಳ ಹೆಸರನ್ನು ಇಬ್ಬರೂ ಎತ್ತಲಿಲ್ಲ.

ಕೊನೆಕೊನೆಗೆ ಅಕ್ಕ ನನ್ನ ಗುರುತೂ ಬಿಟ್ಟಳು. ಹೋಗಿ ಕೂತರೆ "ನಿಮ್ಮವ್ವ ಯಾರ ಮಗಳು?" ಅನ್ನುವಳು. ಹೇಳಿದರೆ, "ಹಂಗಾರ ನೀ ನಮ್ಮಾಕಿನ ಇರಬೇಕಲ್ಲ" ಎಂದು ಗೋಡೆ ಕಡೆ ಹೊರಳುವಳು. ಹೋದ ತಿಂಗಳು ತೀರಿದಳು.

ಅವಳ ತಿಥಿಯ ಊಟಕ್ಕೆ ನಿರ್ಮಲಾ ಹೋಳಿಗೆ ಬಡಿಸುತ್ತ ಬಂದು "ಚಿಗವ್ವ, ಯಾವಾಗ ಬಂದಿ?" ಎಂದಳು. ಹೆಣ ಎತ್ತಿದಾಗಿನಿಂದ ನಾನು ಅವಳ ಮನೆಯಲ್ಲೇ ಇದ್ದೆ. ಮುಂಜಾನೆ ನನಗೆ ಚಹಾ ಕೊಟ್ಟವಳೂ ಅವಳೇ. "ಅವ್ವಗ ಕೆಲಸಾ ಭಾಳ ಆಗೇತ್ರಿ" ಎಂದು ಮಂಜು ನಕ್ಕ. ಛಲೋ ಹುಡುಗ. ಅಕ್ಕನ ಆರೈಕೆಯ ಗದ್ದಲದಲ್ಲಿ ಯಾರೂ ಅವನವ್ವನನ್ನು ಗಮನಿಸಿರಲಿಲ್ಲ. ಸುಮಾ ಉಣ್ಣುವುದನ್ನು ಬಿಟ್ಟು ನನ್ನನ್ನೇ ನೋಡುತ್ತಿದ್ದಳು.

ಮರುದಿನ ಬೆಳಿಗ್ಗೆ ನಿರ್ಮಲಾ ರೊಟ್ಟಿ ಬಡಿಯುತ್ತಿದ್ದಳು. ಎದುರು ಕೂತು ಹೇಳಿದೆ: "ಸುಮಾನ್ನ ನಿಮ್ಮ ಮನಿಗೆ ಕೊಡೂದಿಲ್ಲವ್ವ. ನೀನೂ ಮಂಜುನೂ ಹೋಗಿ ಮೊದಲ ರಕ್ತಾ ತೋರಸ್ರಿ."

"ಅವ್ವನ ಮಾತು ಮುರೀತಿ ಏನ, ಚಿಗವ್ವ?"

"ಮುರೀತೀನಿ."

ಅವಳು ಒಲೆಯ ಮುಂದೆಯೇ ಅತ್ತಳು. ಎದ್ದು ಹೋಗಿ ಮುಖ ತೊಳೆದು ಬಂದಳು. ಹಂಚಿನ ಮೇಲೆ ಸೀದುಹೋಗಿದ್ದ ರೊಟ್ಟಿ ತೆಗೆದು, ಹೊಸದು ಬಡಿದು ಹಾಕಿ, ನನ್ನ ಕಡೆ ನೋಡಿ ನಕ್ಕಳು.

"ಚಿಗವ್ವ, ನಮ್ಮ ಮಂಜುಂದು ಸುಮಾಂದು ಮದಿವಿ ಯಾವಾಗ ಇಟಗೊಳ್ಳೂಣು?"

ನಾನು ಮತ್ತೊಮ್ಮೆ ಹೇಳಿದೆ.